ಮೊದಲು ಮೆಟ್ಟಿಲು, ಅನಂತರ ನೆಲೆ

ಪವಿತ್ರ ಗುರುವಾರದ ಸಂಜೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಪ್ರಭುವಿನ ಅಂತಿಮ ಭೋಜನದ ಬಲಿಪೂಜೆ ಮುಗಿದಿದೆ. ಗುರುಗಳು ಪರಮಪ್ರಸಾದವನ್ನು ಎತ್ತಿಕೊಂಡು ಮೌನವಾಗಿ ನಡೆಯುತ್ತಿದ್ದಾರೆ. ಗಾನವೃಂದದವರು 'ಪಾಂಜೆ ಲಿಂಗ್ವಾ' ಎಂಬ ಹಳೆಯ ಲತೀನ್ ಗೀತೆಯನ್ನು ಆರಂಭಿಸುತ್ತಾರೆ. ಆ ದಿನ ಮಹಿಮಾಗೀತೆಯ ನಂತರ ವಾದ್ಯಗಳು ಹಾಡಿಗೆ ಆಸರೆಯಾಗಿ ಮಾತ್ರ ನುಡಿಯಬೇಕೆಂಬುದು ನಿಯಮ. ಕೀಬೋರ್ಡಿನ ಮುಂದೆ ಕುಳಿತ ಯುವಕ ಅದನ್ನು ಬಲ್ಲವನು, ಮೆಲ್ಲಗೆ ನುಡಿಸುತ್ತಾನೆ. ಪುಟದ ಆರಂಭದಲ್ಲಿ ಎರಡು ಶಾರ್ಪ್ ಚಿಹ್ನೆಗಳಿರುವುದನ್ನು ಕಂಡು, ಇದು ಡಿ ಮೇಜರ್ ಇರಬೇಕೆಂದು ಅವನು ಎಣಿಸಿದ್ದಾನೆ. ಆದರೆ ಪ್ರತಿ ಚರಣದ ಕೊನೆಯಲ್ಲಿಯೂ ಅವನ ಬೆರಳುಗಳು ತಡವರಿಸುತ್ತವೆ. ಹಾಡುವವರು ಒಂದು ಸ್ವರದಲ್ಲಿ ನೆಲೆ ನಿಲ್ಲುತ್ತಾರೆ. ವಾದ್ಯ ಅವರನ್ನು ಇನ್ನೊಂದು ಸ್ವರದ ಕಡೆಗೆ ಎಳೆಯುತ್ತದೆ. ಅಪಸ್ವರವೇನೂ ಕೇಳಿಸುವುದಿಲ್ಲ. ಆದರೂ ಪೂಜೆಯ ನಂತರ ಅವನು ಹೇಳುವ ಮಾತು ಇದು: "ಈ ಹಾಡು ಮುಗಿದಂತೆಯೇ ಅನಿಸುವುದಿಲ್ಲ."

ಆ ಯುವಕನ ಮಾತಿನಲ್ಲಿ ಸಾವಿರ ವರ್ಷಗಳ ಇತಿಹಾಸ ಅಡಗಿದೆ. ಅವನು ಕಲಿತದ್ದು ತಪ್ಪಲ್ಲ. ಆದರೆ ಕಲಿಕೆಯ ಎರಡು ಹಂತಗಳಲ್ಲಿ ಮೊದಲನೆಯದನ್ನು ಮುಗಿಸಿ, ಎರಡನೆಯದರ ಬಾಗಿಲಲ್ಲಿ ಅವನು ನಿಂತಿದ್ದಾನೆ. ಮೊದಲನೆಯ ಹಂತ ಮೇಜರ್ ಸ್ವರಶ್ರೇಣಿ ಮತ್ತು ಕೀ ಸಿಗ್ನೇಚರ್. ಎರಡನೆಯ ಹಂತ ಧರ್ಮಸಭೆಯ ಪ್ರಾಚೀನ ಗಾನದ ಜೀವಾಳವಾದ ಮೋಡ್‌ಗಳು.

ನಿಮ್ಮ ಮನೆಯಲ್ಲಿಯೂ ಪಿಯಾನೊ, ಗಿಟಾರ್ ಅಥವಾ ವಯೊಲಿನ್ ಕಲಿಯುವ ಮಗನೋ ಮಗಳೋ ಇರಬಹುದು. "ಒಂದೇ ಮೇಜರ್ ಶ್ರೇಣಿಯನ್ನು ಹನ್ನೆರಡು ಸ್ವರಗಳಿಂದ ಏಕೆ ಅಭ್ಯಾಸ ಮಾಡಬೇಕು? ನೇರವಾಗಿ ಮೋಡ್‌ಗಳನ್ನೇ ಕಲಿಯಬಾರದೇಕೆ?" ಎಂದು ಅವರು ಕೇಳಿರಬಹುದು. ಇತಿಹಾಸವನ್ನು ಅಲ್ಪಸ್ವಲ್ಪ ಓದಿದವರಾದರೆ, "ಚರಿತ್ರೆಯಲ್ಲಿ ಮೋಡ್‌ಗಳೇ ಮೊದಲು ಬಂದವು, ಮೇಜರ್ ಆಮೇಲೆ ಬಂತು, ಹಾಗಿದ್ದ ಮೇಲೆ ಹಿಂದಿನದನ್ನು ಹಿಂದಿನಿಂದಲೇ ಕಲಿಯುವುದು ನ್ಯಾಯವಲ್ಲವೇ?" ಎಂದೂ ವಾದಿಸಬಹುದು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನು ಹನ್ನೊಂದನೆಯ ಶತಮಾನದ ಒಬ್ಬ ಸನ್ಯಾಸಿ ಕೊಟ್ಟಿದ್ದಾನೆ.

ಅರೆಟ್ಸೊ ನಗರದ ಗುರು

ಇಟಲಿಯ ಪೊಂಪೋಸಾ ಮಠದಲ್ಲಿ ಗ್ವಿದೊ ಎಂಬ ಬೆನೆಡಿಕ್ಟೀನ್ ಸನ್ಯಾಸಿ ಇದ್ದನು. ಆ ಕಾಲದ ಗಾಯಕರು ವರ್ಷವಿಡೀ ಹಾಡಬೇಕಾದ ಸಾವಿರಾರು ಗೀತೆಗಳನ್ನು ಬಾಯಿಪಾಠದಿಂದಲೇ ಕಲಿಯುತ್ತಿದ್ದರು. ಪದಗಳ ಮೇಲೆ ಬರೆದ ಗೀಚುಗಳಂಥ ಚಿಹ್ನೆಗಳು ಕೇಳಿದ ಧಾಟಿಯನ್ನು ನೆನಪಿಸಬಲ್ಲವಾಗಿದ್ದವೇ ಹೊರತು, ಕೇಳದ ಧಾಟಿಯನ್ನು ಕಲಿಸಲಾರದಾಗಿದ್ದವು. ಹತ್ತು ವರ್ಷ ಶ್ರಮಿಸಿದರೂ ಗುರುವಿನ ಸಹಾಯವಿಲ್ಲದೆ ಒಂದು ಹೊಸ ಗೀತೆಯನ್ನು ಹಾಡಲಾರದವರನ್ನು ಕಂಡು ಗ್ವಿದೊ ಮರುಗಿದನು. ಅವನು ಹೊಸ ವಿಧಾನವೊಂದನ್ನು ರೂಪಿಸಿದಾಗ ಸ್ವಂತ ಮಠದಲ್ಲಿಯೇ ಅಸೂಯೆ ಎದುರಾಯಿತು. ಸುಮಾರು 1025ರಲ್ಲಿ ಅವನು ಅರೆಟ್ಸೊ ನಗರಕ್ಕೆ ಬಂದನು. ಅಲ್ಲಿನ ಧರ್ಮಾಧ್ಯಕ್ಷ ಥಿಯೋಡಾಲ್ಡ್ ಅವನಿಗೆ ಆಶ್ರಯವಿತ್ತು, ಪ್ರಧಾನಾಲಯದ ಬಾಲಗಾಯಕರನ್ನು ಅವನ ಕೈಗೆ ಒಪ್ಪಿಸಿದರು. 'ಮೈಕ್ರೊಲೋಗಸ್' ಎಂಬ ಅವನ ಪ್ರಸಿದ್ಧ ಗ್ರಂಥ ಈ ಧರ್ಮಾಧ್ಯಕ್ಷರಿಗೇ ಅರ್ಪಿತವಾಗಿದೆ.

ಗ್ವಿದೊ ಮಾಡಿದ್ದೇನು? ಅವನು ಗೆರೆಗಳನ್ನು ಎಳೆದನು. ಗೆರೆಯ ಮೇಲೂ ಗೆರೆಗಳ ನಡುವೆಯೂ ಸ್ವರಗಳನ್ನು ಕೂರಿಸಿದನು. ಅವುಗಳಲ್ಲಿ ಎರಡಕ್ಕೆ ಮಾತ್ರ ಬಣ್ಣ ಹಚ್ಚಿದನು: ಎಫ್ ಸ್ವರದ ಗೆರೆಗೆ ಕೆಂಪು, ಸಿ ಸ್ವರದ ಗೆರೆಗೆ ಹಳದಿ. ಈ ಎರಡನ್ನೇ ಆರಿಸಿದ್ದೇಕೆಂದು ನೀವು ಕೇಳಬಹುದು. ಕೀಬೋರ್ಡನ್ನು ಒಮ್ಮೆ ನೋಡಿ. ಬಿಳಿಯ ಕೀಗಳ ನಡುವೆ ಸಾಮಾನ್ಯವಾಗಿ ಒಂದು ಕಪ್ಪು ಕೀ ಇರುತ್ತದೆ. ಅಂಥ ಎರಡು ಬಿಳಿಯ ಕೀಗಳ ದೂರವನ್ನು ಪೂರ್ಣ ಅಂತರ ಎನ್ನೋಣ. ಆದರೆ ಇ ಮತ್ತು ಎಫ್ ನಡುವೆ, ಬಿ ಮತ್ತು ಸಿ ನಡುವೆ ಕಪ್ಪು ಕೀ ಇಲ್ಲ. ಅಲ್ಲಿರುವುದು ಅರ್ಧ ಅಂತರ. ಸ್ವರಗಳ ಏಣಿಯಲ್ಲಿ ಈ ಎರಡು ಕಡೆ ಮೆಟ್ಟಿಲುಗಳು ಹತ್ತಿರ ಹತ್ತಿರ ಇವೆ. ಎಫ್ ಮತ್ತು ಸಿ ಸ್ವರಗಳು ಈ ಹತ್ತಿರದ ಮೆಟ್ಟಿಲುಗಳ ಮೇಲಂಚು. ಕತ್ತಲಲ್ಲಿ ಮೆಟ್ಟಿಲಿಳಿಯುವವನು ಎಲ್ಲಿ ಎಡವಬಹುದೋ ಅಲ್ಲಿ ದೀಪವಿಟ್ಟ ಹಾಗೆ, ಗ್ವಿದೊ ಅಲ್ಲಿ ಬಣ್ಣದ ಗೆರೆಗಳನ್ನಿಟ್ಟನು.

ಎರಡನೆಯ ಉಪಾಯ ಇನ್ನೂ ಸೊಗಸಾದದ್ದು. ಸ್ನಾನಿಕ ಯೊವಾನ್ನರ ಹಬ್ಬವಾದ ಜೂನ್ 24ರಂದು ಹಾಡುವ 'ಊತ್ ಕ್ವೆಯಾಂತ್ ಲಾಕ್ಸಿಸ್' ಎಂಬ ಗೀತೆಯ ಮೊದಲ ಆರು ತುಣುಕುಗಳು ಒಂದಕ್ಕಿಂತ ಒಂದು ಒಂದೊಂದು ಸ್ವರ ಮೇಲಿನಿಂದ ಆರಂಭವಾಗುತ್ತವೆ. ಆ ತುಣುಕುಗಳ ಮೊದಲ ಅಕ್ಷರಗಳನ್ನೇ ಗ್ವಿದೊ ಸ್ವರಗಳ ಹೆಸರಾಗಿಸಿದನು: ಊತ್, ರೆ, ಮಿ, ಫಾ, ಸೋಲ್, ಲಾ. 'ಊತ್' ಮುಂದೆ 'ಡೊ' ಆಯಿತು. ಏಳನೆಯ ಸ್ವರದ ಹೆಸರನ್ನು ಅನಂತರದವರು ಅದೇ ಗೀತೆಯ ಕೊನೆಯಲ್ಲಿರುವ ಸಂತರ ಹೆಸರಿನ ಮೊದಲಕ್ಷರಗಳಿಂದ ಕಟ್ಟಿದರು. ನಮ್ಮ ಮಕ್ಕಳು ಇಂದು ಪಾಶ್ಚಾತ್ಯ ಸಂಗೀತದ ಮೊದಲ ಪಾಠವೆಂದು ಹಾಡುವ 'ಡೊ ರೆ ಮಿ' ಹುಟ್ಟಿದ್ದು ಹೀಗೆ, ಒಂದು ಪ್ರಾರ್ಥನೆಯ ಮಡಿಲಲ್ಲಿ.

ಈ ವಿಧಾನದಿಂದ ತನ್ನ ಬಾಲಕರಲ್ಲಿ ಕೆಲವರು ಮೂರೇ ದಿನಗಳಲ್ಲಿ ತಾವು ಕೇಳದ ಧಾಟಿಗಳನ್ನು ಹಾಡಬಲ್ಲವರಾದರೆಂದು ಗ್ವಿದೊ ತನ್ನ ಗೆಳೆಯ ಮೈಕೇಲನಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾನೆ. ಸುದ್ದಿ ರೋಮ್ ತಲುಪಿತು. ಪೋಪ್ 19ನೇ ಯೊವಾನ್ನರು ಅವನನ್ನು ಕರೆಸಿಕೊಂಡರು. ಅವನ ಗೀತಗ್ರಂಥವನ್ನು ತಿರುವಿಹಾಕಿ, ತಾವು ಹಿಂದೆಂದೂ ಕೇಳದ ಒಂದು ಸಾಲನ್ನು ತಾವೇ ಹಾಡಿ ನೋಡಿದ ಹೊರತು ಆಸನದಿಂದ ಏಳಲಿಲ್ಲವೆಂದು ಅದೇ ಪತ್ರ ಹೇಳುತ್ತದೆ. ರೋಮ್ ನಗರದ ಬೇಸಿಗೆಯನ್ನು ತಾಳಲಾರದೆ ಗ್ವಿದೊ ಅಲ್ಲಿಂದ ಹೊರಟನು. ಅವನ ಏಣಿ ಮಾತ್ರ ಜಗತ್ತಿನಲ್ಲೆಲ್ಲ ನಿಂತಿತು.

ಗಮನಿಸಬೇಕಾದ ಸಂಗತಿ

ಗ್ವಿದೊನ ಕಾಲದಲ್ಲಿ ದೇವಾಲಯದ ಗಾನವೆಲ್ಲ ಮೋಡ್‌ಗಳಲ್ಲಿ ಇತ್ತು. ಡಿ, ಇ, ಎಫ್, ಜಿ ಎಂಬ ನಾಲ್ಕು ನೆಲೆಸ್ವರಗಳು. ಒಂದೊಂದಕ್ಕೂ ಎರಡೆರಡು ಪ್ರಕಾರಗಳಂತೆ ಒಟ್ಟು ಎಂಟು ಮೋಡ್‌ಗಳು. ನೆಲೆಸ್ವರದ ಮೇಲೆ ಹರಡಿಕೊಳ್ಳುವ ಧಾಟಿ ಒಂದು ಪ್ರಕಾರ. ನೆಲೆಸ್ವರದ ಕೆಳಕ್ಕೂ ಇಳಿದು ಸುತ್ತಾಡುವ ಧಾಟಿ ಇನ್ನೊಂದು. ಡೋರಿಯನ್, ಫ್ರಿಜಿಯನ್, ಲಿಡಿಯನ್, ಮಿಕ್ಸೊಲಿಡಿಯನ್ ಎಂಬ ಗ್ರೀಕ್ ಹೆಸರುಗಳು ಇವಕ್ಕೆ ಅಂಟಿಕೊಂಡದ್ದು ಮಧ್ಯಯುಗದ ಪಂಡಿತರ ಒಂದು ತಪ್ಪು ಗ್ರಹಿಕೆಯಿಂದ. ಪ್ರಾಚೀನ ಗ್ರೀಕರ ಡೋರಿಯನ್ ಬೇರೆಯೇ ಆಗಿತ್ತು. ಈ ಎಂಟರಲ್ಲಿ ಸಿ ಸ್ವರವನ್ನು ನೆಲೆಯಾಗುಳ್ಳದ್ದು ಒಂದೂ ಇರಲಿಲ್ಲ. ಅಂದರೆ ನಾವು ಇಂದು ಮೇಜರ್ ಎನ್ನುವ ಶ್ರೇಣಿಗೆ ಆ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ.

ಆದರೂ ಗ್ವಿದೊ ಬಾಲಕರ ಬಾಯಿಗೆ ಮೊದಲು ಇಟ್ಟದ್ದು ಯಾವ ಏಣಿಯನ್ನು? ಊತ್‌ನಿಂದ ಲಾ ವರೆಗಿನ ಆರು ಸ್ವರಗಳ ಅಂತರಗಳನ್ನು ಅಳೆದು ನೋಡಿ: ಪೂರ್ಣ, ಪೂರ್ಣ, ಅರ್ಧ, ಪೂರ್ಣ, ಪೂರ್ಣ. ಇದು ನಮ್ಮ ಮೇಜರ್ ಶ್ರೇಣಿಯ ಮೊದಲ ಆರು ಸ್ವರಗಳೇ! ಇನ್ನೊಂದು ಸ್ವಾರಸ್ಯವಿದೆ. ಆ ಹೆಸರುಗಳನ್ನು ಕೊಟ್ಟ ಯೊವಾನ್ನರ ಗೀತೆ 'ಊತ್'ನಲ್ಲಿ ಆರಂಭವಾದರೂ ನೆಲೆಗೊಳ್ಳುವುದು 'ರೆ'ಯಲ್ಲಿ. ಏಣಿ ಮೇಜರಿನದು, ಗೀತೆ ಮೋಡಿನದು. ಮೋಡ್‌ಗಳೇ ಆಳುತ್ತಿದ್ದ ಯುಗದಲ್ಲಿಯೂ ಒಬ್ಬ ಒಳ್ಳೆಯ ಗುರು ಮಗುವಿಗೆ ಮೊದಲು ಒಂದು ಗಟ್ಟಿಯಾದ ಏಣಿಯನ್ನು ಕೊಟ್ಟನು. ಹತ್ತಿರದ ಮೆಟ್ಟಿಲು ಎಲ್ಲಿದೆ ಎಂಬುದನ್ನು ನಾಲಿಗೆಗೆ ಕಲಿಸಿದನು. ಅನಂತರವೇ ಆ ಏಣಿಯ ಯಾವ ಮೆಟ್ಟಿಲಲ್ಲಿ ಗೀತೆ ನೆಲೆ ನಿಲ್ಲುತ್ತದೆ ಎಂಬುದನ್ನು ತೋರಿಸಿದನು. ಪೂರ್ವಜರು ನಡೆದುಬಂದ ದಾರಿಯ ಕ್ರಮ ಬೇರೆ; ಮಗುವನ್ನು ಕೈಹಿಡಿದು ಕರೆತರುವ ಕ್ರಮ ಬೇರೆ. ಈ ಪ್ರಬಂಧ ಹೇಳಬಯಸುವುದು ಇಷ್ಟೇ.

ಮೇಜರಿಗೆ ಹೆಸರು ಬಂದ ಬಗೆ

ಹಾಗಾದರೆ ಮೇಜರ್ ಶ್ರೇಣಿ ಸಂಗೀತದ ಸಿಂಹಾಸನವನ್ನು ಏರಿದ್ದು ಯಾವಾಗ? ಸ್ವಿಟ್ಜರ್ಲೆಂಡಿನ ಗ್ಲಾರಸ್ ಸೀಮೆಯ ವಿದ್ವಾಂಸ, ಎರಾಸ್ಮಸನ ಮಿತ್ರ ಹೈನ್ರಿಖ್ ಗ್ಲಾರಿಯಾನಸ್ 1547ರಲ್ಲಿ 'ಡೊಡೆಕಾಕಾರ್ಡನ್' ಎಂಬ ಗ್ರಂಥವನ್ನು ಪ್ರಕಟಿಸಿದನು. ಅದು ಅಚ್ಚಾದದ್ದು ಬಾಸೆಲ್ ನಗರದಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನಿಂದಾಗಿ ಆ ಊರಿನ ಹೆಸರು ಕನ್ನಡಿಗರಿಗೆ ಚಿರಪರಿಚಿತ. ಎಂಟು ಮೋಡ್‌ಗಳು ಸಾಲವು, ಹನ್ನೆರಡಿರಬೇಕು ಎಂದು ಗ್ಲಾರಿಯಾನಸ್ ವಾದಿಸಿದನು. ಎ ಸ್ವರವನ್ನು ನೆಲೆಯಾಗುಳ್ಳ ಇಯೋಲಿಯನ್, ಸಿ ಸ್ವರವನ್ನು ನೆಲೆಯಾಗುಳ್ಳ ಅಯೋನಿಯನ್, ಇವೆರಡರ ಇಳಿಪ್ರಕಾರಗಳು, ಹೀಗೆ ನಾಲ್ಕನ್ನು ಅವನು ಸೇರಿಸಿದನು. ಅಯೋನಿಯನ್ ಎಂದರೆ ನಮ್ಮ ಮೇಜರ್. ಇಯೋಲಿಯನ್ ಎಂದರೆ ಇಂದಿನ ಸಹಜ ಮೈನರ್. ಜನ ಆ ಧಾಟಿಗಳನ್ನು ಆಗಲೇ ಹಾಡುತ್ತಿದ್ದರು. ಗ್ಲಾರಿಯಾನಸ್ ಅವಕ್ಕೆ ನಾಮಕರಣ ಮಾಡಿದನು. 1571ರಲ್ಲಿ ವೆನಿಸ್ ನಗರದ ಜಾರ್ಲಿನೊ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಮೋಡ್‌ಗಳ ಎಣಿಕೆಯನ್ನೇ ಸಿ ಸ್ವರದಿಂದ ಆರಂಭಿಸಿದನು. ಕೊನೆಗೆ ಸೇರಿದ್ದು ಮೊದಲನೆಯದಾಯಿತು!

ಮುಂದಿನ ನೂರೈವತ್ತು ವರ್ಷಗಳಲ್ಲಿ ಹನ್ನೆರಡು ಕರಗಿ ಎರಡಾದವು: ಮೇಜರ್ ಮತ್ತು ಮೈನರ್. ಬಾಖ್ 1722ರಲ್ಲಿ ಹನ್ನೆರಡು ಮೇಜರ್, ಹನ್ನೆರಡು ಮೈನರ್, ಒಟ್ಟು ಇಪ್ಪತ್ತನಾಲ್ಕು ಶ್ರುತಿನೆಲೆಗಳಿಗೂ ಒಂದೊಂದು ಪೂರ್ವಗೀತ ಮತ್ತು ಫ್ಯೂಗ್ ರಚಿಸಿ ಒಂದು ಸಂಪುಟವಾಗಿಸಿದಾಗ ಹೊಸ ವ್ಯವಸ್ಥೆ ನೆಲೆಯೂರಿತ್ತು. ಆದರೂ ಹಳೆಯದು ಒಮ್ಮೆಲೇ ಮಾಸಲಿಲ್ಲ. ಬಾಖನ ಆರ್ಗನ್ ಕೃತಿಯೊಂದಕ್ಕೆ 'ಡೋರಿಯನ್ ಟೊಕಾಟಾ' ಎಂಬ ಅಡ್ಡಹೆಸರಿದೆ. ಅದು ವಾಸ್ತವವಾಗಿ ಡಿ ಮೈನರಿನಲ್ಲಿದೆ. ಡಿ ಮೈನರಿಗೆ ಇರಬೇಕಾದ ಒಂದು ಫ್ಲ್ಯಾಟ್ ಚಿಹ್ನೆಯನ್ನು ಹಳೆಯ ರೂಢಿಯಂತೆ ಪುಟದ ಆರಂಭದಲ್ಲಿ ಹಾಕದೆ, ಬೇಕಾದಲ್ಲಿ ಮಾತ್ರ ಬರೆದುದರಿಂದ ಆ ಹೆಸರು ಬಂತು. ಕೀ ಸಿಗ್ನೇಚರನ್ನು ಮಾತ್ರ ನೋಡಿ ತೀರ್ಪು ಕೊಡುವವರು ಎಲ್ಲ ಕಾಲದಲ್ಲಿಯೂ ಮೋಸಹೋಗಬಹುದೆಂಬುದಕ್ಕೆ ಇದೊಂದು ಸಾಕ್ಷಿ.

ಚಿಹ್ನೆಗಳ ಗುಟ್ಟು

ಈಗ ಕೀ ಸಿಗ್ನೇಚರ್ ಎಂದರೇನೆಂದು ನೋಡೋಣ. ಮೇಜರ್ ಶ್ರೇಣಿಯ ಎಂಟು ಸ್ವರಗಳನ್ನು ನಾಲ್ಕು ನಾಲ್ಕಾಗಿ ಒಡೆಯಿರಿ. ಸಿ ಡಿ ಇ ಎಫ್ ಒಂದು ಭಾಗ; ಜಿ ಎ ಬಿ ಸಿ ಇನ್ನೊಂದು. ಎರಡರಲ್ಲಿಯೂ ಅಂತರಗಳು ಒಂದೇ: ಪೂರ್ಣ, ಪೂರ್ಣ, ಅರ್ಧ. ಎರಡು ಭಾಗಗಳ ನಡುವೆ ಒಂದು ಪೂರ್ಣ ಅಂತರ. ಮಗು ಅರ್ಧ ಏಣಿ ಕಲಿತರೆ ಉಳಿದರ್ಧ ತಾನಾಗಿಯೇ ಬರುತ್ತದೆ.

ಈಗ ಮೇಲಿನ ಭಾಗವನ್ನು ಕೆಳಗಿನ ಭಾಗವಾಗಿ ಮಾಡಿಕೊಂಡು ಜಿ ಸ್ವರದಿಂದ ಹೊಸ ಏಣಿ ಕಟ್ಟಿ. ಜಿ ಎ ಬಿ ಸಿ ಸರಿಯಾಗಿದೆ. ಮುಂದಿನ ನಾಲ್ಕು ಡಿ ಇ ಎಫ್ ಜಿ. ಇಲ್ಲಿ ಇ ಮತ್ತು ಎಫ್ ಹತ್ತಿರವಾಗಿಬಿಟ್ಟಿವೆ. ಆದರೆ ಹತ್ತಿರದ ಮೆಟ್ಟಿಲು ಕೊನೆಯಲ್ಲಿ ಬರಬೇಕು. ಆದ್ದರಿಂದ ಎಫ್ ಸ್ವರವನ್ನು ಅರ್ಧ ಅಂತರ ಏರಿಸಿ ಎಫ್ ಶಾರ್ಪ್ ಮಾಡುತ್ತೇವೆ. ಜಿ ಮೇಜರಿನ ಆ ಒಂದು ಶಾರ್ಪ್ ಹುಟ್ಟಿದ್ದು ಹೀಗೆ. ಇದೇ ಕ್ರಮದಲ್ಲಿ ಮುಂದುವರಿದರೆ ಡಿ ಮೇಜರಿಗೆ ಎರಡು, ಎ ಮೇಜರಿಗೆ ಮೂರು, ಇ ಮೇಜರಿಗೆ ನಾಲ್ಕು. ಎದುರು ದಿಕ್ಕಿನಲ್ಲಿ ಸಾಗಿದರೆ ಎಫ್ ಮೇಜರಿಗೆ ಒಂದು ಫ್ಲ್ಯಾಟ್, ಬಿ ಫ್ಲ್ಯಾಟ್ ಮೇಜರಿಗೆ ಎರಡು. ಆ ಫ್ಲ್ಯಾಟ್ ಚಿಹ್ನೆಯೂ ದೇವಾಲಯದ ಕೊಡುಗೆಯೇ. ಪ್ರಾಚೀನ ಗಾನದಲ್ಲಿ ಬದಲಾಗಬಹುದಾಗಿದ್ದ ಸ್ವರ ಬಿ ಒಂದೇ. ಅದು ಇಳಿದಾಗ ದುಂಡಗಿನ ಬಿ ಅಕ್ಷರವನ್ನೂ ಇಳಿಯದಿದ್ದಾಗ ಚೌಕನೆಯ ಬಿ ಅಕ್ಷರವನ್ನೂ ಬರೆಯುತ್ತಿದ್ದರು. ಇಂದಿನ ಫ್ಲ್ಯಾಟ್ ಚಿಹ್ನೆ ಆ ದುಂಡು ಬಿ; ನ್ಯಾಚುರಲ್ ಚಿಹ್ನೆ ಆ ಚೌಕ ಬಿ.

ಹೀಗೆ ನೋಡಿದರೆ ಕೀ ಸಿಗ್ನೇಚರ್ ಎಂಬುದು ಗ್ವಿದೊನ ಬಣ್ಣದ ಗೆರೆಗಳ ಮೊಮ್ಮಗು. ಅವನ ಕೆಂಪು ಗೆರೆ ಹೇಳಿದ್ದನ್ನೇ ಅದೂ ಹೇಳುತ್ತದೆ: ಹತ್ತಿರದ ಮೆಟ್ಟಿಲುಗಳು ಇಲ್ಲಿವೆ, ಎಡವಬೇಡ. ಗೀತೆ ಎಲ್ಲಿ ನೆಲೆ ನಿಲ್ಲುತ್ತದೆ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಆ ನೆಲೆಯನ್ನು ಹೇಳುವುದು ಮೋಡ್.

ನೆಲೆ ಬದಲಾದರೆ

ಬಿಳಿಯ ಕೀಗಳನ್ನಷ್ಟೇ ನುಡಿಸುತ್ತಾ ಡಿ ಸ್ವರದಲ್ಲಿ ನೆಲೆ ನಿಂತರೆ ಡೋರಿಯನ್, ಇ ಸ್ವರದಲ್ಲಿ ನಿಂತರೆ ಫ್ರಿಜಿಯನ್, ಎಫ್ ಲಿಡಿಯನ್, ಜಿ ಮಿಕ್ಸೊಲಿಡಿಯನ್. ಇಷ್ಟನ್ನು ಯಾರಾದರೂ ಐದು ನಿಮಿಷದಲ್ಲಿ ಹೇಳಿಕೊಡಬಹುದು. ಅವಸರದ ಕಲಿಕೆಯ ಅಪಾಯ ಇರುವುದು ಇಲ್ಲಿಯೇ. "ಡೋರಿಯನ್ ಎಂದರೆ ಡಿ ಸ್ವರದಿಂದ ಬಿಳಿಯ ಕೀಗಳು" ಎಂದಷ್ಟೇ ಕಲಿತವನನ್ನು, "ನಮ್ಮ ಗಾನವೃಂದಕ್ಕೆ ಆ ಶ್ರುತಿ ತಗ್ಗಾಯಿತು, ಜಿ ಸ್ವರದಿಂದ ನುಡಿಸಪ್ಪ" ಎಂದು ಕೇಳಿದರೆ ಅವನು ಸುಮ್ಮನಾಗುತ್ತಾನೆ. ಮೇಜರ್ ಶ್ರೇಣಿಗಳನ್ನು ಅರಿತವನಾದರೋ ಕ್ಷಣದಲ್ಲಿ ಎಣಿಸುತ್ತಾನೆ: ಡೋರಿಯನ್ ಮೇಜರಿನ ಎರಡನೆಯ ಸ್ವರದ ನೆಲೆ, ಜಿ ಎರಡನೆಯದಾಗಿರುವ ಮೇಜರ್ ಎಫ್, ಎಫ್ ಮೇಜರಿಗೆ ಒಂದು ಫ್ಲ್ಯಾಟ್, ಹಾಗಾದರೆ ಜಿ ಡೋರಿಯನ್ನಿಗೂ ಒಂದು ಫ್ಲ್ಯಾಟ್.

ಇನ್ನೊಂದು ರೀತಿಯಲ್ಲಿಯೂ ಪರೀಕ್ಷಿಸಬಹುದು. ಇ ಮೇಜರಿಗೆ ನಾಲ್ಕು ಶಾರ್ಪ್‌ಗಳು. ಇ ಫ್ರಿಜಿಯನ್ನಿನಲ್ಲಿ ಎರಡನೆಯ, ಮೂರನೆಯ, ಆರನೆಯ, ಏಳನೆಯ ಸ್ವರಗಳು ತಗ್ಗಿ, ನಾಲ್ಕು ಶಾರ್ಪ್‌ಗಳೂ ಮಾಯವಾಗುತ್ತವೆ. ಎರಡನೆಯ ಸ್ವರ ನೆಲೆಗೆ ಅಷ್ಟು ಹತ್ತಿರ ಬಂದುದರಿಂದಲೇ ಆ ಮೋಡ್‌ಗೆ ಮೊಣಕಾಲೂರಿದ ಭಕ್ತನಂಥ ವಿನಯದ ಭಾವ ಒದಗುತ್ತದೆ. ಮೇಜರ್ ತಿಳಿಯದವನಿಗೆ ಯಾವುದು ತಗ್ಗಿತೆಂಬುದೇ ತಿಳಿಯದು. ತಗ್ಗಿದ್ದು ತಿಳಿಯದಿದ್ದರೆ ಅದರ ಭಾವವೂ ಕೇಳಿಸದು.

ಈಗ ಪವಿತ್ರ ಗುರುವಾರದ ನಮ್ಮ ಯುವಕನ ಬಳಿಗೆ ಮರಳೋಣ. ಸಂತ ತೋಮಾಸ್ ಅಕ್ವೀನರು 1264ರಲ್ಲಿ ವಿಧಿಸಲಾದ ಪರಮಪ್ರಸಾದದ ಹಬ್ಬಕ್ಕಾಗಿ ಬರೆದ 'ಪಾಂಜೆ ಲಿಂಗ್ವಾ' ಗೀತೆಯ ಪರಂಪರಾಗತ ಧಾಟಿ ಮೂರನೆಯ ಮೋಡ್‌ನಲ್ಲಿದೆ, ಅಂದರೆ ಫ್ರಿಜಿಯನ್ನಿನಲ್ಲಿ. ಹಿರಿಯರು ಪರಮಪ್ರಸಾದದ ಆಶೀರ್ವಾದದಲ್ಲಿ ಹಾಡುತ್ತಿದ್ದ 'ತಾಂತುಮ್ ಎರ್ಗೊ' ಇದೇ ಗೀತೆಯ ಕೊನೆಯ ಎರಡು ಚರಣಗಳು. ಮೂಲದಲ್ಲಿ ಇ ಸ್ವರದಲ್ಲಿ ನಿಲ್ಲುವ ಈ ಧಾಟಿಯನ್ನು ಹಾಡುವವರ ಅನುಕೂಲಕ್ಕಾಗಿ ಒಂದು ಪೂರ್ಣ ಅಂತರ ಏರಿಸಿದಾಗ ನೆಲೆ ಎಫ್ ಶಾರ್ಪ್ ಆಗುತ್ತದೆ. ಪುಟದ ಆರಂಭದಲ್ಲಿ ಎರಡು ಶಾರ್ಪ್‌ಗಳು ಕಾಣಿಸುತ್ತವೆ. ಯುವಕ ಆ ಚಿಹ್ನೆಗಳನ್ನು ಸರಿಯಾಗಿಯೇ ಓದಿದನು, ಡಿ ಮೇಜರಿನ ಏಣಿಯನ್ನೇ ಕಂಡನು. ಆದರೆ ಏಣಿಯ ಬುಡವೇ ಗೀತೆಯ ನೆಲೆ ಎಂದು ಭಾವಿಸಿ, ಕೊನೆಯಲ್ಲಿ ಡಿ ಮೇಜರಿನ ಸ್ವರಮೇಳವನ್ನು ನುಡಿಸಿದನು. ಆ ಮೇಳದಲ್ಲಿ ಎಫ್ ಶಾರ್ಪ್ ಸಹ ಇರುವುದರಿಂದ ಅಪಸ್ವರ ಕೇಳಿಸಲಿಲ್ಲ. ಗೀತೆ ಮಾತ್ರ ತನ್ನ ಮನೆಯಲ್ಲಿ ಅತಿಥಿಯಾಯಿತು.

ಈ ತಪ್ಪು ಅವನೊಬ್ಬನದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಅನೇಕ ಆರ್ಗನ್ ವಾದಕರು ಹಳೆಯ ಗಾನವನ್ನು ಮೇಜರ್ ಮೈನರ್ ಮೇಳಗಳಿಗೆ ಬಗ್ಗಿಸುತ್ತಿದ್ದರು; ಗಾಯಕರು ಇಲ್ಲದ ಶಾರ್ಪ್‌ಗಳನ್ನು ಸೇರಿಸಿ ಹಾಡುತ್ತಿದ್ದರು. ಅವರೂ ಮೊದಲ ಪಾಠದಲ್ಲಿಯೇ ನಿಂತವರು. ಪ್ಯಾರಿಸ್ಸಿನಲ್ಲಿ 1853ರಲ್ಲಿ ದೇವಾಲಯ ಸಂಗೀತದ ಶಾಲೆಯನ್ನು ತೆರೆದ ಲೂಯಿ ನೀಡರ್‌ಮೆಯರ್ ಮೋಡ್‌ಗಳಿಗೆ ಒಪ್ಪುವ ವಾದ್ಯಸಹಕಾರವನ್ನು ಕಲಿಸಿದನು. 1833ರಲ್ಲಿ ಪುನಃ ಸ್ಥಾಪಿತವಾದ ಸೊಲೆಮ್ ಮಠದ ಸನ್ಯಾಸಿಗಳು ಹಳೆಯ ಹಸ್ತಪ್ರತಿಗಳನ್ನು ಹುಡುಕಿ, ಒಂದಕ್ಕೊಂದು ಹೋಲಿಸಿ, ಗಾನದ ನಿಜರೂಪವನ್ನು ಬೆಳಕಿಗೆ ತಂದರು. ಪೋಪ್ 10ನೇ ಪಯಸ್ ಅವರು ಸಂತ ಸಿಸಿಲಿಯಾಳ ಹಬ್ಬವಾದ 1903ರ ನವೆಂಬರ್ 22ರಂದು ಹೊರಡಿಸಿದ ಪತ್ರದಲ್ಲಿ ಈ ಗಾನಕ್ಕೆ ಅಗ್ರಸ್ಥಾನ ನೀಡಿದರು. 1908ರಲ್ಲಿ ವ್ಯಾಟಿಕನ್ನಿನ ಅಧಿಕೃತ ಗೀತಗ್ರಂಥ ಹೊರಬಂತು.

ನಮ್ಮ ನಾಡಿನ ಕಿವಿಗೆ

ಕನ್ನಡ ನಾಡಿನ ಓದುಗರಾದ ನಮಗೆ ಈ ವಿಷಯ ಪರಕೀಯವಾಗಬೇಕಿಲ್ಲ. ಮೇಜರ್ ಶ್ರೇಣಿಯ ಸ್ವರಗಳೇ ನಮ್ಮ ಶಂಕರಾಭರಣದ ಸ್ವರಗಳು, 29ನೆಯ ಮೇಳ. ಆ ಸ್ವರಗಳನ್ನೇ ಇಟ್ಟುಕೊಂಡು ರಿಷಭವನ್ನು ಷಡ್ಜವೆಂದು ಭಾವಿಸಿದರೆ ಖರಹರಪ್ರಿಯ, ಗಾಂಧಾರವನ್ನು ಷಡ್ಜವಾಗಿಸಿದರೆ ತೋಡಿ, ಮಧ್ಯಮದಿಂದ ಕಲ್ಯಾಣಿ, ಪಂಚಮದಿಂದ ಹರಿಕಾಂಭೋಜಿ, ಧೈವತದಿಂದ ನಠಭೈರವಿ. ಇದನ್ನು ವಿದ್ವಾಂಸರು ಗ್ರಹಭೇದ ಎನ್ನುತ್ತಾರೆ. ಇವೇ ಕ್ರಮವಾಗಿ ಡೋರಿಯನ್, ಫ್ರಿಜಿಯನ್, ಲಿಡಿಯನ್, ಮಿಕ್ಸೊಲಿಡಿಯನ್, ಇಯೋಲಿಯನ್ ಶ್ರೇಣಿಗಳ ಸ್ವರಗಳು. ತೋಡಿಯನ್ನು ಕೇಳಿ ಬೆಳೆದ ಕಿವಿಗೆ 'ಪಾಂಜೆ ಲಿಂಗ್ವಾ' ಅಪರಿಚಿತ ಊರಲ್ಲ. ಸ್ವರಗಳು ಒಂದೇ ಆದ ಮಾತ್ರಕ್ಕೆ ರಾಗವೂ ಮೋಡೂ ಒಂದೇ ಎಂದಲ್ಲ. ರಾಗಕ್ಕೆ ಗಮಕವಿದೆ, ಸಂಚಾರವಿದೆ. ಮೋಡ್‌ಗೆ ನೆಲೆಸ್ವರದ ಜೊತೆಗೆ, ಕೀರ್ತನೆಗಳ ಪಠಣ ನಿಲ್ಲುವ ಮತ್ತೊಂದು ಆಧಾರಸ್ವರವಿದೆ. ಎರಡೂ ಏಣಿಯ ಆಚೆಗಿನ ಜೀವನ.

ಇಲ್ಲೊಂದು ಆಕ್ಷೇಪ ಏಳಬಹುದು. ಕರ್ನಾಟಕ ಸಂಗೀತದ ಮೊದಲ ಪಾಠ ಶಂಕರಾಭರಣವಲ್ಲ, ಮಾಯಾಮಾಳವಗೌಳ. ಆ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಪರಂಪರೆ ನಂಬುತ್ತದೆ. ಅವರು ಗ್ಲಾರಿಯಾನಸನ ಸಮಕಾಲೀನರು. ಹಾಗಿದ್ದ ಮೇಲೆ ಮೇಜರಿನಿಂದಲೇ ಆರಂಭಿಸಬೇಕೆಂಬುದು ಪ್ರಕೃತಿಯ ನಿಯಮವೇನಲ್ಲ. ನಿಜ. ಆದರೆ ಮಾಯಾಮಾಳವಗೌಳವನ್ನು ಎರಡಾಗಿ ಒಡೆದು ನೋಡಿ: ಸರಿಗಮ ಮತ್ತು ಪದನಿಸ, ಎರಡರ ಅಂತರಗಳೂ ಒಂದೇ. ಮೇಜರಿನಲ್ಲಿ ಕಂಡ ಗುಣವೇ ಇಲ್ಲಿಯೂ ಇದೆ. ಎರಡು ನಾಡುಗಳ ಗುರುಗಳೂ ಮಗುವಿಗೆ ಮೊದಲು ಕೊಟ್ಟದ್ದು ಸರಿಸಮನಾದ ಎರಡು ಭಾಗಗಳ ಒಂದು ಏಣಿಯನ್ನು. ಗ್ರಹಭೇದದಂಥ ಸೂಕ್ಷ್ಮವನ್ನು ಎರಡೂ ಕಡೆ ಮುಂದಿನ ತರಗತಿಗೆ ಇರಿಸಿದರು. ಪಾಶ್ಚಾತ್ಯ ಸ್ವರಲಿಪಿ ಮೇಜರನ್ನು ಆಧಾರವಾಗಿಟ್ಟುಕೊಂಡು ಬೆಳೆದುದರಿಂದ, ಅದನ್ನು ಓದಲು ಕಲಿಯುವವರಿಗೆ ಮೇಜರೇ ಮೊದಲ ಏಣಿ.

ಗಾನವೃಂದಗಳಿಗೆ ಒಂದು ದಾರಿ

ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಪ್ರಕಟಿಸಿದ ದೈವಾರಾಧನೆಯ ಸಂವಿಧಾನದ 116ನೆಯ ವಿಧಿ ಗ್ರಿಗೋರಿಯನ್ ಗಾನಕ್ಕೆ ಪ್ರಮುಖ ಸ್ಥಾನವನ್ನು ಉಳಿಸಿಕೊಟ್ಟಿತು. 119ನೆಯ ವಿಧಿ ಆಯಾ ಜನಾಂಗದ ಸ್ವಂತ ಸಂಗೀತ ಪರಂಪರೆಗೆ ಸಲ್ಲಬೇಕಾದ ಗೌರವವನ್ನು ಎತ್ತಿಹಿಡಿಯಿತು. ಈ ಎರಡು ವಿಧಿಗಳನ್ನು ಒಂದಕ್ಕೊಂದು ಎದುರಾಳಿಗಳೆಂದು ಎಣಿಸಬೇಕಾಗಿಲ್ಲ. ತೋಡಿ ಬಲ್ಲವನು ಫ್ರಿಜಿಯನ್ನನ್ನು ಬೇಗ ಅರಿಯುತ್ತಾನೆ. ಫ್ರಿಜಿಯನ್ ಅರಿತವನು ತೋಡಿಯ ಕನ್ನಡ ಭಕ್ತಿಗೀತೆಗೆ ಮೇಜರ್ ಮೇಳಗಳನ್ನು ಹೇರುವುದಿಲ್ಲ.

ಹಾಗಾದರೆ ನಮ್ಮ ಧರ್ಮಕೇಂದ್ರದ ಮಕ್ಕಳಿಗೆ ಯಾವ ಕ್ರಮದಲ್ಲಿ ಕಲಿಸಬೇಕು? ಮೊದಲು ಒಂದು ಮೇಜರ್ ಶ್ರೇಣಿಯನ್ನು ವಾದ್ಯವಿಲ್ಲದೆ ಬಾಯಲ್ಲಿ ಹಾಡಿಸಿ. ಹತ್ತಿರದ ಮೆಟ್ಟಿಲು ಬಂದಾಗ ಕೈಯೆತ್ತಲು ಹೇಳಿ. ಅದು ತಪ್ಪದಂತಾದ ಮೇಲೆ ಜಿ, ಡಿ, ಎಫ್ ಎಂದು ಒಂದೊಂದೇ ನೆಲೆಯಿಂದ ಏಣಿ ಕಟ್ಟಿಸಿ, ಶಾರ್ಪ್ ಏಕೆ ಬಂತೆಂದು ಅವರ ಬಾಯಿಂದಲೇ ಹೇಳಿಸಿ. ಕಾರಣ ತಿಳಿದ ಚಿಹ್ನೆಯನ್ನು ಯಾರೂ ಮರೆಯುವುದಿಲ್ಲ. ಅನಂತರ ಮೇಜರಿನಂತೆಯೇ ಕೇಳಿಸುವ ಐದನೆಯ ಮೋಡ್‌ನ ಗೀತೆಗಳನ್ನು ಹಾಡಿಸಿ: 'ಸಾಲ್ವೆ ರೆಜೀನಾ'ದ ಸರಳ ಧಾಟಿ, 'ಆದೋರೊ ತೆ', 'ದೇವದೂತರ ಪೂಜೆ' ಎಂದು ಹೆಸರಾದ ಗಾನಪೂಜೆಯ ಕೀರಿಯೆ. ಇವು ಹಳೆಯ ಗಾನದ ಮನೆಗೆ ಸುಲಭವಾದ ಹೊಸ್ತಿಲು. ಅದಾದ ಮೇಲೆ 'ರೆ'ಯಲ್ಲಿ ನೆಲೆ ನಿಲ್ಲುವ ಪುನರುತ್ಥಾನದ 'ವಿಕ್ತಿಮೆ ಪಾಸ್ಕಾಲಿ', ಕೊನೆಗೆ 'ಮಿ'ಯಲ್ಲಿ ನಿಲ್ಲುವ 'ಪಾಂಜೆ ಲಿಂಗ್ವಾ'. ಪ್ರತಿ ಗೀತೆ ಮುಗಿದಾಗಲೂ ಒಂದೇ ಪ್ರಶ್ನೆ ಕೇಳಿ: "ಇದು ಎಲ್ಲಿ ನೆಲೆ ನಿಂತಿತು?"

ಸಂತ ಪೌಲರು ಕೊರಿಂಥದ ಎಳೆಯ ವಿಶ್ವಾಸಿಗಳಿಗೆ ತಾವು ಗಟ್ಟಿ ಆಹಾರವನ್ನಲ್ಲ, ಹಾಲನ್ನು ಕೊಟ್ಟುದಾಗಿ ಬರೆಯುತ್ತಾರೆ. ಹಾಲು ಕೊಡುವ ತಾಯಿ ಮಗುವನ್ನು ಕೀಳಾಗಿ ಕಂಡವಳಲ್ಲ. ಅದು ಬೆಳೆಯಲೆಂದು ಕಾಯುವವಳು. ಆದರೆ ಹಾಲಿನಲ್ಲಿಯೇ ಉಳಿದ ಮಗುವೂ ಬೆಳೆಯಲಾರದು. ಮಕ್ಕಳ ಧರ್ಮೋಪದೇಶದಲ್ಲಿಯೂ ನಾವು ಎರಡು ಬಗೆಯ ಅವಸರವನ್ನು ಕಾಣುತ್ತೇವೆ. ಶಿಲುಬೆಯ ಗುರುತು ಬಾರದ ಮಗುವಿಗೆ ಗಹನವಾದುದನ್ನು ಹೇಳಹೊರಡುವುದು ಒಂದು; ಪ್ರಥಮ ಪರಮಪ್ರಸಾದ ಸ್ವೀಕಾರವಾಯಿತು, ಇನ್ನು ಕಲಿಯುವುದೇನೂ ಇಲ್ಲವೆಂದು ಪುಸ್ತಕ ಮುಚ್ಚುವುದು ಇನ್ನೊಂದು. ಏಣಿಯನ್ನು ತಿರಸ್ಕರಿಸುವವನೂ, ಏಣಿಯ ಬುಡದಲ್ಲಿಯೇ ಮನೆ ಕಟ್ಟುವವನೂ ಮಹಡಿಯನ್ನು ಕಾಣುವುದಿಲ್ಲ.

ಆದುದರಿಂದ, ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಸಂಜೆ ಮತ್ತೆ ಮತ್ತೆ ಅದೇ ಮೇಜರ್ ಶ್ರೇಣಿ ಕೇಳಿಬಂದರೆ ಬೇಸರಪಡಬೇಡಿ. ಅರೆಟ್ಸೊ ಪ್ರಧಾನಾಲಯದ ಬಾಲಕರು ಹತ್ತಿದ ಏಣಿಯನ್ನೇ ನಿಮ್ಮ ಮಗುವೂ ಹತ್ತುತ್ತಿದೆ. ಮುಂದಿನ ಪವಿತ್ರ ಗುರುವಾರ ಕೀಬೋರ್ಡಿನ ಮುಂದೆ ಕುಳಿತ ಯುವಕ ಎರಡು ಶಾರ್ಪ್‌ಗಳನ್ನು ಓದಿ, ಹಾಡುವವರ ಕೊನೆಯ ಸ್ವರಕ್ಕಾಗಿ ಒಂದು ಕ್ಷಣ ಕಿವಿಗೊಟ್ಟು, ಅವರು ನಿಂತಲ್ಲಿಯೇ ತಾನೂ ನಿಲ್ಲಲಿ. ಆಗ ಅವನಿಗೆ ಆ ಹಾಡು ಮುಗಿದಿದೆಯೆಂದು ಅನಿಸುವುದು. ಮೌನದಲ್ಲಿ ಮೊಣಕಾಲೂರಿದ ನಮಗೂ ಹಾಗೆಯೇ ಅನಿಸುವುದು.